ಬಾವಿ ನೀರಿಗೂ ಬೋರಿನ ನೀರಿಗೂ ನಾವು ಕೇಳಿದ ಪ್ರಶ್ನೆಗಳು

ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ಮನೆಗೆ ನೀರಿನ ಆಸರೆ ಎರಡು. ಕುಡಿಯುವುದಕ್ಕೆ ಅಂಗಳದ ಮೂಲೆಯಲ್ಲಿ ಜಂಬಿಟ್ಟಿಗೆ ಕಲ್ಲನ್ನು ಕಡಿದು ತೋಡಿದ 32 ಅಡಿಯ ತೆರೆದ ಬಾವಿ, ತೋಟಕ್ಕೆ 310 ಅಡಿಯ ಕೊಳವೆಬಾವಿ. ಬಾವಿಯ ನೀರನ್ನು ಕಾಯಿಸದೆ ಕುಡಿಯುವುದು ನಾನು ಮದುವೆಯಾಗಿ ಬಂದಾಗಿನಿಂದ ಕಂಡ ರೂಢಿ. ನೆಂಟರು ಬಂದರೆ ಮೊದಲು ಬೆಲ್ಲ ಮತ್ತು ಒಂದು ತಂಬಿಗೆ ಬಾವಿ ನೀರು ಕೊಡಬೇಕು, ಅವರು ಕುಡಿದು ಮುಗಿಸುವ ತನಕ ಮಾವನವರು ಆ ಬಾವಿಯನ್ನು ಅಜ್ಜ ತೋಡಿಸಿದ ಕಥೆ ಹೇಳಬೇಕು. ಬೋರಿನ ನೀರನ್ನು ಮಾತ್ರ ಮನೆಯಲ್ಲಿ ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಅದರಲ್ಲಿ ಬಿಳಿ ಪಂಚೆ ಒಗೆದರೆ ಹಳದಿಯಾಗುತ್ತದೆ, ಚಹಾ ಕಾಯಿಸಿದರೆ ಮಸಿಯಂತೆ ಕಪ್ಪಾಗುತ್ತದೆ, ರಾತ್ರಿ ತುಂಬಿಟ್ಟ ಬಕೆಟ್ಟಿನ ತಳದಲ್ಲಿ ಬೆಳಿಗ್ಗೆ ಕೆಂಪು ಗಸಿ ನಿಂತಿರುತ್ತದೆ. ಒಂದು ಒಳ್ಳೆಯ ನೀರು, ಇನ್ನೊಂದು ಕೆಟ್ಟ ನೀರು ಎಂಬ ಈ ಎಣಿಕೆ ಎಷ್ಟು ಸರಿ ಎಂದು ತಿಳಿಯಲು ನಮಗೆ ಒಂದು ಇಡೀ ವರ್ಷ ಬೇಕಾಯಿತು.

ಪರೀಕ್ಷೆಗೆ ಕೈಹಾಕಲು ಎರಡು ಕಾರಣಗಳು ಒಂದೇ ಬೇಸಿಗೆಯಲ್ಲಿ ಕೂಡಿಬಂದವು. ತೋಟಕ್ಕೆ ಹಾಕಿಸಿದ ಹನಿ ನೀರಾವರಿಯ ತೂತುಗಳು ಎರಡನೆಯ ವರ್ಷಕ್ಕೇ ಕಟ್ಟಿಕೊಂಡು, ಸಾಲಿನ ಕೊನೆಯ ಮರಗಳ ಬುಡ ಒಣಗತೊಡಗಿತ್ತು. ಅದೇ ಸಮಯದಲ್ಲಿ ಜಲ ಜೀವನ ಮಿಷನ್ ಅಡಿಯಲ್ಲಿ ಊರಿನ ಐದು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ನಡೆದು, ರಸಾಯನ ವಿಜ್ಞಾನ ಓದಿದವಳೆಂಬ ಕಾರಣಕ್ಕೆ ನನ್ನ ಹೆಸರೂ ಅದರಲ್ಲಿ ಸೇರಿತ್ತು. ಕೈಗೆ ಬಂದ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಸೀಸೆಗಳು, ಬಣ್ಣ ಹೋಲಿಸಿ ನೋಡುವ ಪಟ್ಟಿಗಳು, ಸೂಕ್ಷ್ಮಾಣು ಪರೀಕ್ಷೆಗೆ ಮುಚ್ಚಳ ಬಿಗಿದ ಗಾಜಿನ ಶೀಷೆಗಳು ಇದ್ದವು. ಊರಿನ ನಲ್ಲಿಗಳನ್ನು ಪರೀಕ್ಷಿಸುವ ಮೊದಲು ನಮ್ಮ ಮನೆಯದನ್ನೇ ನೋಡಿಬಿಡುವುದೆಂದು ಮೇ ತಿಂಗಳಲ್ಲಿ ಶುರುಮಾಡಿದೆ.

ಬೋರಿನ ಹತ್ತಿರ ನೀರು ಹರಿದು ನಿಲ್ಲುವ ಚರಂಡಿಯಲ್ಲಿ ಕಿತ್ತಳೆ ಬಣ್ಣದ ಲೋಳೆಯೂ ಅದರ ಮೇಲೆ ಎಣ್ಣೆ ಚೆಲ್ಲಿದಂಥ ಹೊಳೆಯುವ ಕೆನೆಯೂ ಸದಾ ಇರುತ್ತಿದ್ದವು. ಪಂಪಿನಿಂದ ಆಯಿಲ್ ಸೋರುತ್ತಿದೆ ಎಂದು ನಮ್ಮ ಯಜಮಾನರು ಎರಡು ಸಲ ಮೋಟಾರು ಎತ್ತಿಸಿದ್ದರು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಒಂದು ಕಡ್ಡಿಯಿಂದ ಆ ಕೆನೆಯನ್ನು ಮೆಲ್ಲಗೆ ಮುಟ್ಟಿದಾಗ ಅದು ತೆಳುವಾದ ಗಾಜಿನಂತೆ ಚೂರುಚೂರಾಗಿ ಒಡೆದು, ಚೂರುಗಳು ಹಾಗೆಯೇ ಬೇರೆಬೇರೆಯಾಗಿ ತೇಲಿದವು. ಎಣ್ಣೆಯಾಗಿದ್ದರೆ ಕಡ್ಡಿ ತೆಗೆದ ಕ್ಷಣವೇ ಮತ್ತೆ ಕೂಡಿಕೊಳ್ಳುತ್ತಿತ್ತು. ಒಡೆದು ಹಾಗೇ ಉಳಿಯುವುದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಬದುಕುವ ಸೂಕ್ಷ್ಮಾಣುಗಳ ಕೆನೆ. ಡ್ರಿಪ್ಪಿನ ತೂತುಗಳನ್ನು ಕಟ್ಟಿದ್ದೂ ಆ ಲೋಳೆಯೇ.

ಪೆಟ್ಟಿಗೆಯ ಪರೀಕ್ಷೆ ಕಬ್ಬಿಣ ಹೆಚ್ಚಿದೆ ಎಂದಷ್ಟೇ ತೋರಿಸಿತು. ಎಷ್ಟು ಹೆಚ್ಚು, ತೋಟದ ಮಣ್ಣಿಗೆ ಇದರಿಂದ ಏನಾಗುತ್ತದೆ ಎಂಬುದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್ ಎಲ್ಲವೂ ಬೇಕಾಗುವುದರಿಂದ ಶಿವಮೊಗ್ಗದ ಒಂದು ಪ್ರಯೋಗಾಲಯಕ್ಕೆ ಮಾದರಿ ಒಯ್ಯಲು ನಿರ್ಧರಿಸಿದೆವು. ಬೋರನ್ನು ಹದಿನೈದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹೋಗಿ, ಕರಗಿದ ಲವಣ ಎಷ್ಟೆಂದು ತಿಳಿಸುವ ವಿದ್ಯುತ್ ವಾಹಕತೆಯ ಮಾಪಕದಲ್ಲಿ ಅಂಕಿ ಒಂದೇ ಕಡೆ ನಿಂತ ಮೇಲೆ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿದೆ. ಪಿಎಚ್ ಮತ್ತು ಉಷ್ಣತೆಯನ್ನು ಅಲ್ಲಿಯೇ ಅಳೆದು ಬರೆದುಕೊಂಡೆ, ಏಕೆಂದರೆ ಭೂಮಿಯೊಳಗಿನಿಂದ ಬಂದ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ದಾರಿಯಲ್ಲಿ ಹಾರಿಹೋದರೆ ಪಿಎಚ್ ಏರಿಬಿಡುತ್ತದೆ. ಇಷ್ಟೆಲ್ಲ ಮಾಡಿಯೂ ಒಂದು ಮುಖ್ಯ ಸಂಗತಿಯನ್ನು ಬಿಟ್ಟಿದ್ದೆ. ಕಬ್ಬಿಣಕ್ಕೆಂದು ಬೇರೆ ಬಾಟಲಿ ಇಟ್ಟು ಅದಕ್ಕೆ ನೈಟ್ರಿಕ್ ಆಮ್ಲದ ಕೆಲವು ಹನಿ ಸೇರಿಸಬೇಕು. ಇಲ್ಲವಾದರೆ ಕರಗಿದ ಕಬ್ಬಿಣ ಗಾಳಿ ಸೋಕಿ ತುಕ್ಕಾಗಿ ಬಾಟಲಿಯ ತಳಕ್ಕೆ ಇಳಿಯುತ್ತದೆ, ಪರೀಕ್ಷೆಗೆ ಮೇಲಿನ ತಿಳಿನೀರಷ್ಟೇ ಸಿಗುತ್ತದೆ. ವಾರದ ಮೇಲೆ ಬಂದ ವರದಿಯಲ್ಲಿ ಕಬ್ಬಿಣ ಲೀಟರಿಗೆ 0.4 ಮಿಲಿಗ್ರಾಂ ಎಂದಿತ್ತು. ಚಹಾವನ್ನು ಕಪ್ಪಾಗಿಸುವ ನೀರಿಗೆ ಆ ಅಂಕಿ ಹೊಂದುವುದು ಸಾಧ್ಯವೇ ಇರಲಿಲ್ಲ.

ಆ ವರದಿಯಲ್ಲಿ ಇನ್ನೊಂದು ತಪ್ಪೂ ಇತ್ತು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಳಗೆ ಷರಾದಲ್ಲಿ, ಉಳಿಕೆ ಸೋಡಿಯಂ ಕಾರ್ಬೊನೇಟ್ 1.49 ಇರುವುದರಿಂದ ನೀರು ನೀರಾವರಿಗೆ ಮಧ್ಯಮ, ಮಣ್ಣಿಗೆ ಕ್ಯಾಲ್ಸಿಯಂ ಕೊಡುವ ಜಿಪ್ಸಂ ಬಳಸಿ ಎಂದು ಬರೆದಿದ್ದರು. ಬೈಕಾರ್ಬೊನೇಟು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಮೊತ್ತವನ್ನು ಎಷ್ಟು ಮೀರುತ್ತದೆ ಎಂಬುದೇ ಈ ಲೆಕ್ಕ. ಅದು 1.25ರೊಳಗೆ ಇದ್ದರೆ ಚಿಂತೆಯಿಲ್ಲ, 2.5 ದಾಟಿದರೆ ಆ ನೀರು ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕೂರಿಸಿ ಸೋಡಿಯಂನ ಕೈ ಮೇಲಾಗಿಸುತ್ತದೆ, ಮಣ್ಣು ಬಿಗಿಯುತ್ತದೆ. ನಮ್ಮ ಯಜಮಾನರು ಜಿಪ್ಸಂ ಚೀಲಕ್ಕೆ ಹಣ ಹೊಂದಿಸಲು ಹೊರಟಿದ್ದರು. ನಾನು ಒಂದು ದಿನ ಅವಕಾಶ ಕೇಳಿಕೊಂಡು ರಾತ್ರಿ ಕೂತು ಲೆಕ್ಕ ಹಾಕಿದೆ.

ಲವಣಗಳು ನೀರಿನಲ್ಲಿ ವಿದ್ಯುದಂಶ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ ಕರಗಿರುತ್ತವೆ. ಕ್ಯಾಲ್ಸಿಯಂ, ಸೋಡಿಯಂನಂಥ ಧನ ಅಯಾನುಗಳ ಮೊತ್ತವೂ ಬೈಕಾರ್ಬೊನೇಟಿನಂಥ ಋಣ ಅಯಾನುಗಳ ಮೊತ್ತವೂ ಸರಿಸಮ ಇರಲೇಬೇಕು. ಮಿಲಿಗ್ರಾಂ ಅಂಕಿಗಳನ್ನು ಅವುಗಳ ಸಮಾನ ತೂಕದಿಂದ, ಎಂದರೆ ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಸಿಯಂ ಅನ್ನು 12.15ರಿಂದ, ಸೋಡಿಯಂ ಅನ್ನು 23ರಿಂದ, ಬೈಕಾರ್ಬೊನೇಟನ್ನು 61ರಿಂದ ಭಾಗಿಸಿದರೆ ಎರಡೂ ಕಡೆ ತೂಗಿ ನೋಡಬಹುದು. ವರದಿಯ ಧನ ಅಯಾನುಗಳು ಕೂಡಿ 3.11 ಆದವು, ಋಣ ಅಯಾನುಗಳು 4.08. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಶೇಕಡಾ 13.5. ಶೇಕಡಾ 5ರೊಳಗೆ ಇದ್ದರೆ ಒಪ್ಪಬಹುದಾದ ಈ ಅಂಕಿ ಅಷ್ಟು ದೂರ ಹೋಗಿದೆ ಎಂದರೆ ಯಾವುದೋ ಒಂದನ್ನು ಅಳೆಯುವುದು ತಪ್ಪಿದೆ. ಯಾವುದು ಎಂಬುದಕ್ಕೂ ಅದೇ ಹಾಳೆಯಲ್ಲಿ ಸುಳಿವು ಇತ್ತು. ಒಟ್ಟು ಗಡಸುತನವನ್ನು ಬೇರೆಯಾಗಿ ಅಳೆದು 148 ಎಂದು ಬರೆದಿದ್ದರು, ಆದರೆ ಅವರೇ ಕೊಟ್ಟ ಕ್ಯಾಲ್ಸಿಯಂ 19, ಮೆಗ್ನೀಸಿಯಂ 13 ಸೇರಿ 101ಕ್ಕಿಂತ ಹೆಚ್ಚು ಗಡಸುತನ ಬರುವಂತಿರಲಿಲ್ಲ.

ಮರುವಾರ ಎರಡು ಬಾಟಲಿ ಹಿಡಿದು, ಒಂದಕ್ಕೆ ಆಮ್ಲ ಹಾಕಿಸಿಕೊಂಡು, ರಿಪ್ಪನ್‌ಪೇಟೆಯ ಮೇಲೆ ಬಸ್ಸಿನಲ್ಲಿ ಮತ್ತೆ ಶಿವಮೊಗ್ಗಕ್ಕೆ ಹೋದೆ. ಲೆಕ್ಕದ ಹಾಳೆಯನ್ನು ಮುಂದಿಟ್ಟಾಗ ಅಲ್ಲಿದ್ದ ಹುಡುಗಿ ಮೊದಲು ಮುಖ ಗಂಟಿಕ್ಕಿದಳು, ಆಮೇಲೆ ತನ್ನ ದಾಖಲೆ ಪುಸ್ತಕ ತೆರೆದು ಬೆರಳಿಟ್ಟು ಓದುತ್ತಾ ಹೋಗಿ, "ಮೇಡಂ, ಕ್ಯಾಲ್ಸಿಯಂಗೆ ಸ್ಯಾಂಪಲ್ ಅರ್ಧಕ್ಕೆ ಡೈಲ್ಯೂಟ್ ಮಾಡಿದ್ದೆ, ಎರಡರಿಂದ ಗುಣಿಸಿಲ್ಲ" ಎಂದಳು. ಅಷ್ಟು ನೇರವಾಗಿ ಒಪ್ಪಿಕೊಂಡದ್ದಕ್ಕೆ ನನಗೆ ಅವಳ ಮೇಲೆ ಗೌರವವೇ ಬಂತು. ತಿದ್ದಿದ ವರದಿಯಲ್ಲಿ ಕ್ಯಾಲ್ಸಿಯಂ 38, ಉಳಿಕೆ ಸೋಡಿಯಂ ಕಾರ್ಬೊನೇಟ್ 0.54. ಜಿಪ್ಸಂ ಬೇಕಿರಲಿಲ್ಲ. ಕಬ್ಬಿಣ ಮಾತ್ರ 0.4ರಿಂದ 3.4ಕ್ಕೆ ಏರಿತ್ತು. ಒಂದೇ ಹಾಳೆಯಲ್ಲಿ ಒಂದು ತಪ್ಪು ನನ್ನದು, ಒಂದು ಅವರದು. ಎರಡನ್ನೂ ನಂಬಿ ನಡೆದಿದ್ದರೆ ಬೇಡದ ಜಿಪ್ಸಂ ತಂದು, ಬೇಕಾದ ಕಬ್ಬಿಣದ ಸೋಸುಗವನ್ನು ಕೈಬಿಡುತ್ತಿದ್ದೆವು.

ತೋಟದ ದೃಷ್ಟಿಯಿಂದ ನೋಡಿದಾಗ ಈ ಕೆಟ್ಟ ನೀರಿನ ಉಳಿದ ಅಂಕಿಗಳೆಲ್ಲ ಚೆನ್ನಾಗಿಯೇ ಇದ್ದವು. ವಿದ್ಯುತ್ ವಾಹಕತೆ 410 ಮೈಕ್ರೋಸೀಮನ್ಸ್, ಅಂದರೆ ನೀರಾವರಿ ನೀರಿನಲ್ಲಿ 250ರಿಂದ 750ರವರೆಗಿನ ಎರಡನೆಯ ವರ್ಗ. ಸೋಡಿಯಂನ ಅಪಾಯವನ್ನು ಹೇಳುವ ಎಸ್‌ಎಆರ್ ಅನುಪಾತ ಒಂದನ್ನೂ ಮುಟ್ಟಿರಲಿಲ್ಲ, ಹತ್ತರೊಳಗೆ ಇದ್ದರೂ ಸಾಕು. ಬಯಲುಸೀಮೆಯ ಹೊಲಗಳಲ್ಲಿ ಈ ಎರಡು ಅಂಕಿಗಳೇ ಬೆಳೆಯ ಹಣೆಬರಹ ಬರೆಯುತ್ತವೆ. ಪ್ರತಿ ವರ್ಷ ಜಡಿಮಳೆ ತೊಳೆಯುವ ನಮ್ಮ ಕಡೆ ಉಪ್ಪು ನಿಲ್ಲುವುದೇ ಇಲ್ಲ, ಮಣ್ಣು ಹುಳಿಯಾಗುವುದೇ ಇಲ್ಲಿಯ ತೊಂದರೆ. ಅದಕ್ಕೆಂದೇ ಮರಗಳ ಬುಡಕ್ಕೆ ಆಗಾಗ ಸುಣ್ಣ ಹಾಕುತ್ತೇವೆ. ಬೋರಿನ ನೀರಿನ ಕ್ಷಾರೀಯತೆ ಲೀಟರಿಗೆ 175 ಮಿಲಿಗ್ರಾಂ ಇದ್ದುದರಿಂದ, ಒಂದು ಲಕ್ಷ ಲೀಟರು ಹರಿಸಿದಾಗ ಹದಿನೇಳೂವರೆ ಕಿಲೋ ಸುಣ್ಣಕಲ್ಲಿನ ಪುಡಿಗೆ ಸಮನಾದ ಕ್ಷಾರ ಅದರ ಜೊತೆಗೇ ತೋಟ ಸೇರುತ್ತದೆ. ಹನಿ ನೀರಾವರಿಯಲ್ಲಿ ಕಬ್ಬಿಣ 1.5 ದಾಟಿದರೆ ತೂತುಗಳು ಕಟ್ಟುವ ಅಪಾಯ ಬಹಳ ಹೆಚ್ಚು ಎಂಬುದೊಂದೇ ಅದರ ದೋಷ, ಅದಕ್ಕೆ ಪರಿಹಾರವೂ ಇದೆ. ಕುಡಿಯುವ ನೀರಿಗೂ ಭಾರತೀಯ ಮಾನಕ ಐಎಸ್ 10500 ಕಬ್ಬಿಣಕ್ಕೆ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಅದನ್ನು ಮೀರಿದ ಕಬ್ಬಿಣ ರುಚಿಯನ್ನೂ ಬಟ್ಟೆಯನ್ನೂ ಕೆಡಿಸುತ್ತದೆಯೇ ಹೊರತು, ಆ ನೀರು ಕುಡಿದವರನ್ನು ಅದು ಆಸ್ಪತ್ರೆಗೆ ಸೇರಿಸುವುದು ಕಡಿಮೆ.

ಇನ್ನು ಬಾವಿ. ಮೇ ತಿಂಗಳಲ್ಲಿ ಅದರ ವಾಹಕತೆ ಬರೀ 92, ಗಡಸುತನ 28, ನೈಟ್ರೇಟ್ 9, ಕಬ್ಬಿಣ ಇಲ್ಲವೆಂಬಷ್ಟು. ನೀರಿಗೆ ಮಲದ ಸೂಕ್ಷ್ಮಾಣು ಸೇರಿದ್ದರೆ ಕಪ್ಪಾಗಬೇಕಾದ ಪರೀಕ್ಷೆಯ ಶೀಷೆ ಎರಡು ದಿನ ಕಳೆದರೂ ಹಳದಿಯಾಗಿಯೇ ಉಳಿಯಿತು. ಪಿಎಚ್ 5.9 ಇದ್ದದ್ದು ಮಾತ್ರ 6.5ರಿಂದ 8.5ರ ಮಾನಕಕ್ಕೆ ಹೊಂದಲಿಲ್ಲ. ಹುಳಿ ನೀರು ಹೊಟ್ಟೆಗೆ ಕೆಡುಕಲ್ಲ, ಆದರೆ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಬಚ್ಚಲ ನಲ್ಲಿಯಲ್ಲಿ ಬೆಳಿಗ್ಗೆ ಮೊದಲು ಬರುವ ಕೆಂಪು ನೀರಿನ ಮೂಲ ಬಾವಿಯಲ್ಲ, ಮೂವತ್ತು ವರ್ಷ ಹಳೆಯ ಜಿಐ ಪೈಪು ಎಂಬುದು ಇದರಿಂದ ತಿಳಿಯಿತು. ಮಾವನವರಿಗೆ ವರದಿ ಓದಿ ಹೇಳಿದೆ. "ನಾ ಎಂತ ಹೇಳಿದ್ದೆ? ಅಜ್ಜನ ಬಾವಿ" ಎಂದರು. ಅದೇ ವಾರ ಮನೆಗೆ ಬಂದ ಫಿಲ್ಟರ್ ಮಾರುವವರೊಬ್ಬರು ಟಿಡಿಎಸ್ ಮಾಪಕವನ್ನು ಬಾವಿ ನೀರಿಗೆ ಅದ್ದಿ, 58 ಎಂದು ತೋರಿಸಿ ಇದು ಶುದ್ಧ ಎಂದರು. ಬೋರಿನ ನೀರಿಗೆ ಎರಡು ಲೋಹದ ಕಡ್ಡಿ ಇಳಿಸಿ ಕರೆಂಟು ಕೊಟ್ಟು, ಅದು ಕಂದು ಬಣ್ಣಕ್ಕೆ ತಿರುಗಿ ನೊರೆಯೇಳುವುದನ್ನು ತೋರಿಸಿ ಅತ್ತೆಯವರನ್ನು ಹೆದರಿಸಿದರು. ಆ ಗಸಿ ಬರುವುದು ನೀರಿನಿಂದಲ್ಲ, ಕರಗುವ ಕಬ್ಬಿಣದ ಕಡ್ಡಿಯಿಂದ. ಉಪ್ಪಿನಂಶವೇ ಇಲ್ಲದ ನೀರಿನಲ್ಲಿ ಕರೆಂಟು ಹರಿಯುವುದಿಲ್ಲವಾದ್ದರಿಂದ ಅಲ್ಲಿ ಬಣ್ಣ ಬರುವುದಿಲ್ಲ, ಅಷ್ಟೇ. ಟಿಡಿಎಸ್ ಮಾಪಕವಂತೂ ಕರಗಿದ ಲವಣವನ್ನು ಬಿಟ್ಟು ಮತ್ತೇನನ್ನೂ ಕಾಣುವುದಿಲ್ಲ. ಒಂದು ಹನಿ ಚರಂಡಿ ನೀರು ಕೊಡಕ್ಕೆ ಬಿದ್ದರೂ ಅದರ ಅಂಕಿ ಅಲುಗದು. ಜನರ ಭಯವನ್ನೂ ನಂಬಿಕೆಯನ್ನೂ ಹೀಗೆ ಬಳಸಿಕೊಳ್ಳುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಅಲ್ಲಿಗೇ ನಿಲ್ಲಿಸಿದ್ದರೆ ಬಾವಿ ಒಳ್ಳೆಯದೆಂಬ ತೀರ್ಮಾನವೇ ಉಳಿಯುತ್ತಿತ್ತು. ಆದರೆ ಪ್ರತಿ ವರ್ಷ ಆಷಾಢದಲ್ಲಿ ಮಗನಿಗೆ ವಾರಗಟ್ಟಲೆ ಹೊಟ್ಟೆ ಸರಿಯಿರುತ್ತಿರಲಿಲ್ಲ. ಹಲಸಿನ ಹಣ್ಣು ತಿಂದದ್ದಕ್ಕೆ, ಥಂಡಿಗೆ ಎಂದು ಕಷಾಯ ಕೊಡುತ್ತಿದ್ದೆವು. ಜುಲೈ ನಡುವಿನಲ್ಲಿ, ಎಂಟು ದಿನ ಬಿಡದೆ ಸುರಿದ ಮಳೆಯ ನಡುವೆ, ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಮತ್ತೊಂದು ಶೀಷೆ ತುಂಬಿದೆ. ಆ ಥಂಡಿಯಲ್ಲಿ ಸೂಕ್ಷ್ಮಾಣು ಬೆಳೆಯಲು ಬೆಚ್ಚನೆಯ ಜಾಗ ಬೇಕು. ಬಚ್ಚಲ ಒಲೆಯ ಹಿಂದಿನ ಗೋಡೆಯ ಗೂಡಿನಲ್ಲಿ, ಹಂಡೆಯ ಕಾವು ಹದವಾಗಿ ತಾಗುವ ಕಡೆ ಅದನ್ನಿಟ್ಟೆ. ರಾತ್ರಿ ಮಲಗುವಾಗ ತಿಳಿ ಹಳದಿಯಿದ್ದದ್ದು ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಲು ಹೋದಾಗ ಕಾಡಿಗೆಯಷ್ಟು ಕಪ್ಪಾಗಿತ್ತು. ಬ್ಯಾಟರಿ ಬೆಳಕು ಹಿಡಿದು ನೋಡಿದೆ, ಬೆಳಕು ಆಚೆ ಬರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ಅಲ್ಲಿಯೇ ನಿಂತೆ, ಏಕೆಂದರೆ ಹಿಂದಿನ ಸಂಜೆ ಮಗ ಅದೇ ನೀರನ್ನು ಎರಡು ಲೋಟ ಕುಡಿದಿದ್ದ.

ಒಂದು ಶೀಷೆಯ ಮೇಲೆ ತೀರ್ಪು ಕೊಡಬಾರದೆಂದು ಪ್ರಯೋಗಾಲಯದಿಂದ ಕ್ರಿಮಿಶುದ್ಧ ಬಾಟಲಿ ತರಿಸಿ, ಬಾಯಿಯ ಒಳಭಾಗ ಮುಟ್ಟದೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ಮಧ್ಯಾಹ್ನದೊಳಗೆ ತಲುಪಿಸಿದೆವು. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದ ಇ ಕೊಲೈ ಅದರಲ್ಲಿ ಇತ್ತು. ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿರಲಿಲ್ಲ. ಶೌಚಾಲಯದ ಗುಂಡಿ ಬಾವಿಯಿಂದ 22 ಅಡಿ, ಅದೂ ಮೇಲ್ಗಡೆ. ಕೊಟ್ಟಿಗೆಯ ಗೊಬ್ಬರಗುಂಡಿ ಅದರ ಪಕ್ಕ. ಜಂಬಿಟ್ಟಿಗೆಯೊಳಗೆ ಗೆದ್ದಲು ಕೊರೆದಂಥ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಬೇಸಿಗೆಯಲ್ಲಿ ಅವು ಒಣಗಿ ಗುಂಡಿಯ ನೀರು ಅಲ್ಲಲ್ಲೇ ಇಂಗುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳವನ್ನೇ ಮುಟ್ಟಿದಾಗ ಅದೇ ಕೊಳವೆಗಳು ಸೋಸುವುದಕ್ಕೂ ಬಿಡುವಿಲ್ಲದಂತೆ ಬಾವಿಯ ಕಡೆ ಹರಿಸುತ್ತವೆ. ಮೇ ತಿಂಗಳ ಶೀಷೆ ಸುಳ್ಳು ಹೇಳಿರಲಿಲ್ಲ, ನಾವು ಕೇಳಿದ ಕಾಲ ತಪ್ಪಾಗಿತ್ತು. ಸೂಕ್ಷ್ಮಾಣು ಪರೀಕ್ಷೆಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡುವ ಪದ್ಧತಿ ಇದೆ. ಮಲೆನಾಡಿನ ತೆರೆದ ಬಾವಿಗೆ ಜಡಿಮಳೆಯ ನಡುವೆಯೇ ಒಂದು ಪರೀಕ್ಷೆ ಆಗಬೇಕೆಂಬುದು ನನ್ನ ಅನಿಸಿಕೆ. ಔಷಧಿ ಹೊಡೆಯುವ ಕಾಲದಲ್ಲಿ ಬಾವಿಕಟ್ಟೆಯ ಪಕ್ಕ ತಾಮ್ರದ ಲವಣವಾದ ಮೈಲುತುತ್ತದ ಡ್ರಮ್ ಇಡುತ್ತಿದ್ದುದರಿಂದ ತಾಮ್ರವನ್ನೂ ನೋಡಿಸಿದ್ದೆ. 0.03 ಬಂತು, 0.05ರ ಮಿತಿಯೊಳಗೇ ಇದೆ. ಆದರೂ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲೆಸುವ ಜಾಗವನ್ನು ಕೆಳಗಿನ ಕಣಕ್ಕೆ ಒಯ್ದೆವು.

ಮಾವನವರಿಗೆ ಹೇಳುವುದೇ ಕಷ್ಟವಾಗಿತ್ತು. ಮಾತಿನಲ್ಲಿ ಹೇಳದೆ ಎರಡು ಶೀಷೆಗಳನ್ನು, ಮೇ ತಿಂಗಳ ಹಳದಿಯದನ್ನೂ ಜುಲೈಯ ಕಪ್ಪನೆಯದನ್ನೂ, ಜಗಲಿಯ ಮೇಲೆ ಅವರ ಎಲೆಯಡಿಕೆ ತಟ್ಟೆಯ ಪಕ್ಕ ಇಟ್ಟೆ. ಬಹಳ ಹೊತ್ತು ನೋಡಿ, "ಗುಂಡಿ ತೆಗೆಸಿದ್ದು ನಾನೇ ಮಾರಾಯ್ತಿ, ಅಜ್ಜನ ಕಾಲದಲ್ಲಿ ಅಲ್ಲಿ ಗುಂಡಿ ಇರಲಿಲ್ಲ" ಎಂದರು. ಅಂದಿನಿಂದ ಕುಡಿಯುವ ನೀರನ್ನು ಕುದಿಸತೊಡಗಿದೆವು. ಬಾವಿಯ ಅಡ್ಡಳತೆ 2 ಮೀಟರ್, ನೀರು 8 ಮೀಟರ್, ಅಂದರೆ ಸುಮಾರು 25 ಸಾವಿರ ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 63 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಇಳಿಸಿ ಕೊಡದಿಂದ ಎತ್ತಿ ಎತ್ತಿ ಕಲಕಿದೆವು. ಮಳೆ ನಿಂತ ಮೇಲೆ ಶೌಚಾಲಯದ ಗುಂಡಿಯನ್ನು ಬಾವಿಯ ಇಳಿಜಾರಿಗೆ, ಅರವತ್ತು ಅಡಿ ಆಚೆಗೆ ಸಾಗಿಸಿದೆವು. ಗೊಬ್ಬರಗುಂಡಿಯೂ ಹಿಂದೆಯೇ ಹೋಯಿತು.

ಬೋರಿಗೆ ಎರಡು ಸಾವಿರ ಲೀಟರಿನ ಒಂದು ಟ್ಯಾಂಕು ಇಟ್ಟು, ಅದರ ಮೇಲೆ ತೂತು ಕೊರೆದ ಪೈಪಿನಿಂದ ನೀರು ಜಲ್ಲಿಕಲ್ಲಿನ ಎರಡು ಹಾಸುಗಳ ಮೇಲೆ ಚಿಮುಕಿ ಬೀಳುವಂತೆ ಮಾಡಿದ್ದೇವೆ. ಗಾಳಿ ತಾಗಿ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತದೆ, ಉಳಿದದ್ದನ್ನು ಮರಳಿನ ಸೋಸುಗ ಹಿಡಿಯುತ್ತದೆ. ಸೋಸಿದ ಮೇಲೆ ಕಬ್ಬಿಣ 0.3. ವಾರಕ್ಕೊಮ್ಮೆ ಮರಳನ್ನು ಹಿಮ್ಮುಖವಾಗಿ ತೊಳೆಯಬೇಕು. ತಪ್ಪಿದರೆ ಚಹಾದ ಬಣ್ಣವೇ ಹೇಳಿಬಿಡುತ್ತದೆ.

ಸೆಪ್ಟೆಂಬರಿನಲ್ಲಿ ಊರಿನ ಬಾವಿಗಳ ಸರದಿ ಬಂದಾಗ ನೆರೆಮನೆಯ ಅಕ್ಕನ ಬಾವಿಯಲ್ಲಿ ನೈಟ್ರೇಟಿನ ಬಣ್ಣ ಪಟ್ಟಿಯ ಕೊನೆಯನ್ನು ಮುಟ್ಟಿತು. ಪ್ರಯೋಗಾಲಯದಲ್ಲಿ 52 ಬಂತು. ಮಿತಿ 45, ಅದಕ್ಕೆ ಬೇರೆ ನೀರಿಲ್ಲವೆಂಬ ವಿನಾಯಿತಿಯೂ ಇಲ್ಲ. ಬಾವಿಯ ಮೇಲ್ಗಡೆಯ ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು, ಮಳೆಗಾಲದುದ್ದಕ್ಕೂ ಗೊಬ್ಬರ ಬಿದ್ದಿತ್ತು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಎದೆಹಾಲು ಸಾಲದೆ ಮೂರು ತಿಂಗಳ ಕೂಸಿಗೆ ಪುಡಿ ಹಾಲನ್ನು ಅದೇ ನೀರಿನಲ್ಲಿ ಕಲೆಸುತ್ತಿದ್ದರು. "ಚೆನ್ನಾಗಿ ಕುದಿಸಿಯೇ ಕೊಡ್ತೀವಲ್ಲ ತಂಗಿ" ಎಂದರು ಅಕ್ಕ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಕಾಲುಭಾಗ ನೀರು ಆವಿಯಾದರೆ 52 ಇದ್ದದ್ದು 69 ಆಗುತ್ತದೆ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯಬಲ್ಲದು, ಮೈ ನೀಲಿಗಟ್ಟುತ್ತದೆ. ಇದನ್ನು ಹೆದರಿಸದೆ, ಆದರೆ ಮುಚ್ಚಿಡದೆ ಹೇಳಬೇಕಿತ್ತು. ಅದೇ ನೀರು ಅವರ ತೋಟಕ್ಕೆ ಮಾತ್ರ ಕೆಡುಕಲ್ಲ. ಒಂದು ಲಕ್ಷ ಲೀಟರಿನ ಜೊತೆ ಸುಮಾರು ಎರಡೂವರೆ ಕಿಲೋ ಯೂರಿಯಾದಷ್ಟು ಸಾರಜನಕ ಹೋಗುವುದರಿಂದ ಅಷ್ಟನ್ನು ಗೊಬ್ಬರದಲ್ಲಿ ಕಡಿಮೆ ಮಾಡಬಹುದೆಂದು ಅವರ ಯಜಮಾನರಿಗೆ ಲೆಕ್ಕ ಬರೆದುಕೊಟ್ಟೆ. ಕೂಸಿನ ಹಾಲಿಗೆ ನಮ್ಮ ಬೋರಿನ ಸೋಸಿದ ನೀರನ್ನು ಒಯ್ದು ಕುದಿಸಿ ಬಳಸಲು ಹೇಳಿದೆ. ಅದರ ನೈಟ್ರೇಟ್ 2, ಶೀಷೆ ಹಳದಿ. ಯಾರೂ ಬಾಯಿಗೆ ಹಾಕದ ನೀರನ್ನು ಆ ದಿನ ಅಕ್ಕ ಸ್ಟೀಲಿನ ಕೊಡದಲ್ಲಿ ತುಂಬಿಕೊಂಡು ಹೋದರು.

ಈ ಸಲದ ಮಳೆಗಾಲದಲ್ಲಿ ಬಾವಿಯ ಶೀಷೆ ಎರಡು ಸಲ ಹಳದಿಯಾಗಿಯೇ ಉಳಿಯಿತು. ಒಂದು ಸಲ, ಜಡಿಮಳೆಯ ಮಾರನೆಯ ದಿನ ತುಂಬಿದ್ದು, ನಲವತ್ತು ಗಂಟೆಯ ಮೇಲೆ ಕಂದಾಯಿತು. ಹಾಗಾಗಿ ಕುದಿಸುವುದನ್ನು ನಿಲ್ಲಿಸಿಲ್ಲ. ನೆಂಟರಿಗೆ ಬೆಲ್ಲದ ಜೊತೆ ಕೊಡುವುದೂ ಕಾಯಿಸಿ ಆರಿಸಿದ ಬಾವಿ ನೀರನ್ನೇ. ಅಕ್ಕನ ಬಾವಿಯ ನೈಟ್ರೇಟ್ 41ಕ್ಕೆ ಇಳಿದಿದೆ. ಶುಂಠಿ ಆ ಗದ್ದೆ ಬಿಟ್ಟು ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ ಇನ್ನೊಮ್ಮೆ ನೋಡಬೇಕು. ಅಲ್ಲಿಯವರೆಗೆ ದಿನಾ ಎರಡು ಕೊಡ ನೀರು ನಮ್ಮ ಮನೆಯಿಂದಲೇ ಹೋಗುತ್ತದೆ.